ಇಂಜಿನಿಯರ್‌ಗೆ ಕಾನೂನಿನ ಆಫೀಸಲ್ಲಿ ಏನು ಕೆಲಸ?

ನಮ್ಮ ಕ್ಯಾಂಪಸ್‌ನಲ್ಲಿ ಕೆರಿಯರ್ ಅಂತ ಮಾತು ಬಂದ್ರೆ ಮೂರೇ ದಾರಿ ಕಣ್ಣಿಗೆ ಬೀಳುತ್ತೆ. ಸಾಫ್ಟ್‌ವೇರ್ ಕಂಪನಿ, ಕೋರ್ ಕಂಪನಿ, ಇಲ್ಲಾಂದ್ರೆ ಹೊರದೇಶದಲ್ಲಿ ಎಂ.ಎಸ್. ಇದರ ಪಕ್ಕದಲ್ಲೇ ಇನ್ನೊಂದು ದಾರಿ ಇದೆ. ಅದರ ಹೆಸರು ತಂತ್ರಜ್ಞಾನ ನೀತಿ, ಅಂದ್ರೆ ಟೆಕ್ ಪಾಲಿಸಿ.

ಒಂದು ಆ್ಯಪ್ ನಮ್ಮ ಯಾವ ಮಾಹಿತಿಯನ್ನು ಎಷ್ಟು ದಿನ ಇಟ್ಟುಕೊಳ್ಳಬಹುದು? ತಾನಾಗಿ ಓಡುವ ಕಾರು ಗುದ್ದಿದರೆ ಹೊಣೆ ಯಾರದು? ಮೊಬೈಲ್ ತರಂಗಗಳನ್ನು ಯಾರಿಗೆ, ಯಾವ ಷರತ್ತಿನ ಮೇಲೆ ಕೊಡಬೇಕು? ಇವನ್ನೆಲ್ಲ ತೀರ್ಮಾನ ಮಾಡೋದು ಶಾಸನಸಭೆ, ಸಚಿವಾಲಯ ಮತ್ತು ನಿಯಂತ್ರಣ ಸಂಸ್ಥೆಗಳು. ಅಲ್ಲಿ ಕರಡು ಬರೆಯುವವರು ಹೆಚ್ಚಾಗಿ ಕಾನೂನು, ಅರ್ಥಶಾಸ್ತ್ರ, ಆಡಳಿತ ಓದಿದವರು. ಯಂತ್ರದ ಒಳಗೆ ಏನು ನಡೆಯುತ್ತೆ ಅಂತ ಗೊತ್ತಿರುವವರು ಇನ್ನೆಲ್ಲೋ ಕೂತು ಕೋಡ್ ಬರೀತಿರ್ತಾರೆ.

ಈ ಎರಡು ಗುಂಪುಗಳ ಮಧ್ಯೆ ಸೇತುವೆ ಕಟ್ಟುವುದಕ್ಕೆ ಅಂತಲೇ ಕೆಲವು ಫೆಲೋಶಿಪ್ ಕಾರ್ಯಕ್ರಮಗಳಿವೆ. ಕೆಲಸದ ಅನುಭವ ಇರುವ ಒಬ್ಬ ಇಂಜಿನಿಯರ್ ಅಥವಾ ವಿಜ್ಞಾನಿಯನ್ನು ಆರಿಸಿ, ಸುಮಾರು ಒಂದು ವರ್ಷ ಶಾಸಕರ ಕಚೇರಿಯಲ್ಲಿ ಕೂರಿಸುವುದು ಅವುಗಳ ಕೆಲಸ. ಕೇಳೋಕೆ ಸುಲಭ. ಆದರೆ ಇಂಥ ಕಾರ್ಯಕ್ರಮವನ್ನು ನಡೆಸುವವರು ಏನೇನು ಮಾಡಬೇಕಾಗುತ್ತೆ ಅಂತ ನೋಡಿದ್ರೆ ಟೆಕ್ ಪಾಲಿಸಿ ಅಂದ್ರೇನು ಅನ್ನೋದೇ ಚೆನ್ನಾಗಿ ಅರ್ಥ ಆಗುತ್ತೆ. ಈ ಸಲದ ಪಾಠ ಅದೇ. ಇದರ ಹಳೆಯ, ದೊಡ್ಡ ಉದಾಹರಣೆಗಳು ಅಮೆರಿಕದಲ್ಲಿವೆ. ಮೊದಲು ಅಲ್ಲಿಗೆ ಹೋಗೋಣ, ಆಮೇಲೆ ಊರಿಗೆ ಬರೋಣ.

1. ಶುರುವಾದದ್ದು 1973ರಲ್ಲಿ

ಅಮೆರಿಕನ್ ಅಸೋಸಿಯೇಷನ್ ಫಾರ್ ದಿ ಅಡ್ವಾನ್ಸ್‌ಮೆಂಟ್ ಆಫ್ ಸೈನ್ಸ್ ಅನ್ನುವ ದೊಡ್ಡ ವಿಜ್ಞಾನ ಸಂಘ 1973ರಲ್ಲಿ ಅಮೆರಿಕದ ಕಾಂಗ್ರೆಸ್ಸಿಗೆ ಫೆಲೋಗಳನ್ನು ಕಳಿಸಲು ಶುರು ಮಾಡಿತು. ಇಲ್ಲಿ ಕಾಂಗ್ರೆಸ್ ಅಂದ್ರೆ ಪಕ್ಷ ಅಲ್ಲ, ಅಲ್ಲಿಯ ಸಂಸತ್ತು. ಮೊದಲ ತಂಡದಲ್ಲಿ ಇದ್ದವರು ಏಳೇ ಜನ. ಅವರನ್ನು ಕಳಿಸಿದ ಸಂಘಗಳಲ್ಲಿ ನಮಗೆ ಪರಿಚಯದ ಎರಡು ಹೆಸರಿವೆ: ಮೆಕ್ಯಾನಿಕಲ್‌ನವರ ಎಎಸ್‌ಎಂಇ, ಎಲೆಕ್ಟ್ರಿಕಲ್‌ನವರ ಐಇಇಇ. ನಾವು ಪೇಪರ್ ಪ್ರೆಸೆಂಟೇಶನ್‌ಗೂ ಸರ್ಟಿಫಿಕೇಟಿಗೂ ಮಾತ್ರ ನೆನೆಸಿಕೊಳ್ಳುವ ಐಇಇಇ ಐವತ್ತು ವರ್ಷದ ಹಿಂದೆಯೇ ಈ ಕೆಲಸಕ್ಕೆ ಕೈ ಹಾಕಿತ್ತು.

ಅದೇ ಕಾಲದಲ್ಲಿ ಇನ್ನೊಂದು ಪ್ರಯತ್ನವೂ ಇತ್ತು. 1972ರಲ್ಲಿ ಕಾನೂನು ಮಾಡಿ ಕಾಂಗ್ರೆಸ್ ತನಗಾಗಿಯೇ ‘ಆಫೀಸ್ ಆಫ್ ಟೆಕ್ನಾಲಜಿ ಅಸೆಸ್‌ಮೆಂಟ್’ ಅಂತ ಒಂದು ಕಚೇರಿ ಕಟ್ಟಿಕೊಂಡಿತು. ಹೊಸ ತಂತ್ರಜ್ಞಾನ ಬಂದಾಗ ಅದರ ಒಳಿತು ಕೆಡುಕು ಅಳೆದು ವರದಿ ಕೊಡುವುದು ಅದರ ಕೆಲಸ. ಸುಮಾರು 750 ವರದಿ ಬಂದವು. 1995ರಲ್ಲಿ ಖರ್ಚು ಉಳಿಸುವ ಹೆಸರಲ್ಲಿ ಅದಕ್ಕೆ ಹಣ ಕೊಡುವುದನ್ನೇ ನಿಲ್ಲಿಸಿದರು. ಕಾನೂನು ಹಾಗೇ ಇದೆ, ಕಚೇರಿ ಮಾತ್ರ ಇಲ್ಲ. ಗಮನಿಸಿ, 1995 ಅಂದ್ರೆ ಇಂಟರ್ನೆಟ್ ಮನೆಮನೆಗೆ ಬರುತ್ತಿದ್ದ ಕಾಲ. ಸಲಹೆ ಹೆಚ್ಚು ಬೇಕಾದಾಗಲೇ ಸಲಹೆಗಾರರು ಹೋದರು.

ಆ ಖಾಲಿ ಜಾಗ ಇಡೀ ಜಗತ್ತಿಗೆ ಕಂಡದ್ದು 2018ರ ಏಪ್ರಿಲ್ 10ರಂದು. ಫೇಸ್‌ಬುಕ್‌ನ ಮಾರ್ಕ್ ಜುಕರ್‌ಬರ್ಗ್ ಸೆನೆಟ್ ಸಮಿತಿಗಳ ಮುಂದೆ ಕೂತಿದ್ದರು. ಬಳಕೆದಾರರು ದುಡ್ಡು ಕೊಡದಿದ್ದರೆ ನಿಮ್ಮ ವ್ಯಾಪಾರ ನಡೆಯೋದು ಹೇಗೆ ಅಂತ ಸೆನೆಟರ್ ಆರಿನ್ ಹ್ಯಾಚ್ ಕೇಳಿದರು. ಜಾಹೀರಾತು ತೋರಿಸ್ತೀವಿ ಅಂತ ಉತ್ತರ ಬಂತು. ಅದರ ಮೀಮ್‌ಗಳು ಇವತ್ತಿಗೂ ಓಡಾಡ್ತವೆ. ಹ್ಯಾಚ್ ಗೊತ್ತಿದ್ದೇ ಕೇಳಿರಬಹುದು. ನಮಗೆ ಬೇಕಾದ ವಿಷಯ ಬೇರೆ. ಸಮಿತಿಯಲ್ಲಿ ಕೂತವರಿಗೆ ಪ್ರಶ್ನೆ ತಯಾರು ಮಾಡಿಕೊಡುವುದು ಅವರ ಕಚೇರಿಯ ಸಿಬ್ಬಂದಿ. ಪ್ರಶ್ನೆ ಹರಿತವಾಗಬೇಕಾದರೆ ಆ ಸಿಬ್ಬಂದಿಯಲ್ಲಿ ಒಬ್ಬರಿಗಾದರೂ ಆ ಜಾಹೀರಾತು ವ್ಯವಸ್ಥೆ ಒಳಗಿಂದ ಗೊತ್ತಿರಬೇಕು.

ಇದನ್ನು ಮೊದಲೇ ಕಂಡುಕೊಂಡವರಲ್ಲಿ ಟ್ರಾವಿಸ್ ಮೂರ್ ಒಬ್ಬರು. ಅವರು ಹೆನ್ರಿ ವ್ಯಾಕ್ಸ್‌ಮನ್ ಅನ್ನುವ ಸಂಸದರ ಕಚೇರಿಯಲ್ಲಿ ಕೆಲಸ ಮಾಡಿದ್ದವರು. ಕಾಂಗ್ರೆಸ್ಸಿನ ಸಾವಿರಾರು ಸಿಬ್ಬಂದಿಯಲ್ಲಿ ತಂತ್ರಜ್ಞಾನ ಓದಿದವರು ಬೆರಳೆಣಿಕೆಯಷ್ಟು ಅಂತ ಕಂಡು ‘ಟೆಕ್‌ಕಾಂಗ್ರೆಸ್’ ಶುರು ಮಾಡಿದರು. ಅದರ ಮೊದಲ ಫೆಲೋಗಳು 2016ರಲ್ಲಿ ಕೆಲಸಕ್ಕೆ ಸೇರಿದರು.

2. ನಡೆಸುವವರ ನಾಲ್ಕು ಕೆಲಸ

ಮೊದಲನೆಯದು ಆಯ್ಕೆ. 1973ರ ಹಳೆಯ ಫೆಲೋಶಿಪ್ಪಿಗೆ ಈಗಲೂ ಪಿಎಚ್‌.ಡಿ. ಬೇಕು. ಇಂಜಿನಿಯರ್‌ಗಳಿಗೆ ಮಾತ್ರ ವಿನಾಯಿತಿ ಇದೆ: ಮಾಸ್ಟರ್ಸ್ ಡಿಗ್ರಿ ಜೊತೆ ಮೂರು ವರ್ಷದ ಕೆಲಸದ ಅನುಭವ ಇದ್ದರೆ ಸಾಕು. ಟೆಕ್‌ಕಾಂಗ್ರೆಸ್ ನೋಡುವುದು ಡಿಗ್ರಿಗಿಂತ ಹೆಚ್ಚಾಗಿ ತಂತ್ರಜ್ಞಾನದ ಅನುಭವವನ್ನು. ಎರಡೂ ಕಡೆ ನಿಜವಾಗಿ ಹುಡುಕುವ ಗುಣ ಒಂದೇ. ತನಗೆ ಚೆನ್ನಾಗಿ ಗೊತ್ತಿರೋದನ್ನು, ಗೊತ್ತಿಲ್ಲದವರಿಗೆ, ಅವರನ್ನು ಚಿಕ್ಕವರನ್ನಾಗಿ ಮಾಡದೆ ಹೇಳೋಕೆ ಬರಬೇಕು. ಕ್ಲಾಸ್ ಟಾಪರ್ ಆಗಿದ್ದು ಬ್ಯಾಕ್ ಇರುವ ಗೆಳೆಯನಿಗೆ ಪಾಠ ಹೇಳಿಕೊಡೋಕೆ ಬರದವರು ನಮ್ಮಲ್ಲೂ ಇದ್ದಾರಲ್ವಾ? ಅಂಥವರಿಗೆ ಈ ಕೆಲಸ ಕಷ್ಟ.

ಎರಡನೆಯದು ತಯಾರಿ. ಮಸೂದೆ ಹೇಗೆ ಸಾಗುತ್ತೆ, ಸಮಿತಿ ಅಂದ್ರೇನು, ಬಜೆಟ್ ಯಾರ ಕೈಲಿದೆ ಅನ್ನೋದೆಲ್ಲ ಕೆಲವು ವಾರದಲ್ಲಿ ಕಲಿಸಬಹುದು. ಕಷ್ಟವಾದದ್ದು ಅಭ್ಯಾಸ ಬದಲಿಸೋದು. ನಮಗೆ ಲ್ಯಾಬ್‌ನಲ್ಲಿ ಒಂದು ಸರಿ ಉತ್ತರ ಇರುತ್ತೆ. ಅಲ್ಲಿ ಪ್ರತಿ ಉತ್ತರದಿಂದಲೂ ಯಾರಿಗೋ ಲಾಭ, ಯಾರಿಗೋ ನಷ್ಟ. ಯಾರಿಗೆ ಎಷ್ಟು ಅಂತ ಬಿಡಿಸಿ ಹೇಳಿದರೆ ಫೆಲೋ ಕೆಲಸ ಆಯಿತು. ತೀರ್ಮಾನ ಜನರಿಂದ ಆರಿಸಿ ಬಂದವರದು.

ಮೂರನೆಯದು ಜೋಡಣೆ. ಫೆಲೋನನ್ನು ಇಂಥ ಕಚೇರಿಗೆ ಹೋಗು ಅಂತ ಆರ್ಡರ್ ಮಾಡಿ ಕಳಿಸೋದಿಲ್ಲ. ಫೆಲೋಗಳು ಹಲವು ಕಚೇರಿಗಳ ಜೊತೆ ಮಾತಾಡ್ತಾರೆ. ಕಚೇರಿಯೂ ಒಪ್ಪಬೇಕು, ಫೆಲೋನೂ ಒಪ್ಪಬೇಕು. ಎರಡೂ ಪಕ್ಷಗಳ ಕಚೇರಿಗಳಿಗೆ ಫೆಲೋಗಳು ಹೋಗಬೇಕು. ಇಲ್ಲದಿದ್ದರೆ ಆ ಪಕ್ಷದ ಕಾರ್ಯಕ್ರಮ ಅಂತ ಹಣೆಪಟ್ಟಿ ಬೀಳುತ್ತೆ, ಮುಂದಿನ ಚುನಾವಣೆ ಆದ ಮೇಲೆ ಬಾಗಿಲು ಮುಚ್ಚುತ್ತೆ. ಹೀಗಾಗಿ ನಡೆಸುವವರ ಸಮಯದ ದೊಡ್ಡ ಪಾಲು ಪಾಠಕ್ಕಿಂತ ನಂಬಿಕೆ ಗಳಿಸೋದಕ್ಕೇ ಹೋಗುತ್ತೆ.

ನಾಲ್ಕನೆಯದು ಆಮೇಲಿನ ದಾರಿ. ವರ್ಷ ಮುಗಿದ ಮೇಲೆ ಫೆಲೋ ಎಲ್ಲಿಗೆ ಹೋಗ್ತಾರೆ? ಅಲ್ಲೇ ಸಿಬ್ಬಂದಿಯಾಗಿ ಉಳಿದರೆ ಕಾಂಗ್ರೆಸ್ಸಿಗೆ ಲಾಭ. ಕಾಲೇಜಿಗೆ ಮರಳಿದರೆ ಪಾಠದಲ್ಲಿ ಹೊಸ ನೋಟ ಬರುತ್ತೆ. ಒಳಗಿನ ದಾರಿಗಳನ್ನು ಕಲಿತುಕೊಂಡು ಕಂಪನಿಯ ಪರ ಲಾಬಿ ಮಾಡಲು ಹೊರಟರೆ? ಅದೂ ಆಗಬಹುದು. ಹಳೆಯ ಫೆಲೋಗಳ ಬಳಗ ಗಟ್ಟಿಯಾಗಿದ್ದು, ಸಾರ್ವಜನಿಕ ಕೆಲಸದಲ್ಲೇ ಮುಂದಿನ ಮೆಟ್ಟಿಲು ಕಾಣುತ್ತಿದ್ದರೆ ಈ ಅಪಾಯ ಕಡಿಮೆ.

3. ಒಂದು ಲೆಕ್ಕ ಮಾಡೋಣ

ಫೆಲೋ ಮಾಡುವ ಕೆಲಸ ಹೇಗಿರುತ್ತೆ ಅಂತ ತಿಳಿಯಲು ಒಂದು ಉದಾಹರಣೆ. ಇಲ್ಲಿರುವ ಸಂಖ್ಯೆಗಳು ಲೆಕ್ಕಕ್ಕಾಗಿ ನಾವೇ ಇಟ್ಟುಕೊಂಡವು.

ರೈಲ್ವೆ ನಿಲ್ದಾಣದಲ್ಲಿ ಮುಖ ಗುರುತಿಸುವ ಕ್ಯಾಮೆರಾ ಹಾಕಬೇಕು ಅಂತ ಪ್ರಸ್ತಾಪ ಬಂದಿದೆ. ನಮ್ಮ ಯಂತ್ರ ಶೇ. 99 ನಿಖರ ಅಂತ ಕಂಪನಿ ಹೇಳುತ್ತೆ. ಅಂದ್ರೆ 100 ಜನ ಬೇಕಾದವರಲ್ಲಿ 99 ಜನರನ್ನು ಹಿಡಿಯುತ್ತೆ, 100 ಜನ ಅಮಾಯಕರಲ್ಲಿ ಒಬ್ಬರ ಮೇಲೆ ಮಾತ್ರ ತಪ್ಪಾಗಿ ಅಲಾರಂ ಹೊಡೆಯುತ್ತೆ ಅಂತ ಇಟ್ಟುಕೊಳ್ಳಿ. ಶಾಸಕರು ಕೇಳ್ತಾರೆ, “99 ಅಂದ್ರೆ ಒಳ್ಳೇದೇ ಅಲ್ವೇನಪ್ಪಾ?”

ದಿನಕ್ಕೆ 1,00,000 ಜನ ಓಡಾಡ್ತಾರೆ, ಅವರಲ್ಲಿ ಪೊಲೀಸರಿಗೆ ಬೇಕಾದವರು 10 ಜನ ಅಂದುಕೊಳ್ಳೋಣ. ಆ 10 ಜನರಲ್ಲಿ ಹೆಚ್ಚುಕಡಿಮೆ ಎಲ್ಲರೂ ಸಿಗ್ತಾರೆ. ಉಳಿದ 99,990 ಜನರಲ್ಲಿ ಶೇ. 1 ಅಂದ್ರೆ ಸುಮಾರು 1,000 ಅಮಾಯಕರ ಮೇಲೂ ಅಲಾರಂ ಹೊಡೆಯುತ್ತೆ. ಒಟ್ಟು 1,010 ಅಲಾರಂಗಳಲ್ಲಿ ನಿಜವಾದವು 10. ಮ್ಯಾಥ್ಸ್‌ನಲ್ಲಿ ಬರುವ ಬೇಯ್ಸ್ ಪ್ರಮೇಯ ಇದೇ.

ಫೆಲೋ ಬೇಯ್ಸ್ ಹೆಸರು ಹೇಳಬೇಕಾಗಿಲ್ಲ. “ಸರ್, ಇದು ಅಲಾರಂ ಹೊಡೆದ ಪ್ರತಿ 100 ಸಲದಲ್ಲಿ 99 ಸಲ ನಿಲ್ಲಿಸೋದು ತಪ್ಪೇ ಮಾಡದವರನ್ನು” ಅಂದ್ರೆ ಸಾಕು. ನಿಜವಾದ ಪಾಲಿಸಿ ಪ್ರಶ್ನೆಗಳು ಇಲ್ಲಿಂದ ಶುರು. ನಿಲ್ಲಿಸಿದವರನ್ನು ಎಷ್ಟು ಹೊತ್ತು ಕೂರಿಸಬಹುದು? ಅಲಾರಂ ಒಂದನ್ನೇ ನಂಬಿ ಬಂಧಿಸಬಹುದಾ? ತಪ್ಪಾದವರ ಫೋಟೋ ಅಳಿಸೋದು ಯಾವಾಗ? ಆ 1,000 ಜನರಲ್ಲಿ ಒಂದೇ ಬಗೆಯ ಜನ ಮತ್ತೆ ಮತ್ತೆ ಸಿಕ್ಕಿಹಾಕಿಕೊಳ್ತಿದ್ದಾರಾ ಅಂತ ಪರೀಕ್ಷೆ ಮಾಡೋರು ಯಾರು?

ಇಷ್ಟನ್ನೂ ಒಂದು ಪುಟದಲ್ಲಿ ಬರೆಯಬೇಕು, ಸಮಿತಿ ಕೂರುವುದಕ್ಕೆ ಮೊದಲು. ಇಂಜಿನಿಯರ್ ಆ ಕೋಣೆಯಲ್ಲಿ ಇಲ್ಲದಿದ್ದರೆ ಕಡತಕ್ಕೆ ಹೋಗೋದು ‘ಶೇ. 99 ನಿಖರ’ ಅನ್ನೋ ಒಂದು ಸಾಲು ಮಾತ್ರ. ದಿನಕ್ಕೆ ಸಾವಿರ ಜನ ನಿಲ್ದಾಣದಲ್ಲಿ ಅದರ ಬೆಲೆ ಕಟ್ಟಬೇಕಾಗುತ್ತೆ.

4. ದುಡ್ಡು ಯಾರದು?

ಈ ಫೆಲೋಗಳಲ್ಲಿ ಬಹಳ ಮಂದಿಗೆ ಸಂಬಳ ಕೊಡೋದು ಶಾಸಕರ ಕಚೇರಿಯಲ್ಲ. ವಿಜ್ಞಾನ ಸಂಘಗಳೋ ದಾನಿ ಸಂಸ್ಥೆಗಳೋ ಕೊಡ್ತವೆ. ಕಚೇರಿಗೆ ಬಿಟ್ಟಿಯಾಗಿ ಪರಿಣತರು ಸಿಗ್ತಾರೆ. ಹಾಗಾದ್ರೆ ಆ ಪರಿಣತರ ನಿಷ್ಠೆ ಯಾರ ಕಡೆಗೆ?

2022ರಲ್ಲಿ ಶುರುವಾದ ‘ಹೊರೈಜನ್’ ಅನ್ನುವ ಸಂಸ್ಥೆ ಕೃತಕ ಬುದ್ಧಿಮತ್ತೆಯ ಪರಿಣತರನ್ನು ಕಾಂಗ್ರೆಸ್ಸಿಗೂ ಸರ್ಕಾರಿ ಇಲಾಖೆಗಳಿಗೂ ಕಳಿಸುತ್ತೆ. ಅದಕ್ಕೆ ‘ಓಪನ್ ಫಿಲಾಂತ್ರಪಿ’ ಎಂಬ ದಾನಿ ಸಂಸ್ಥೆಯ ಹಣ ಬಂದಿತ್ತು. ಎಐ ಅಪಾಯಗಳ ಬಗ್ಗೆ ಒಂದು ನಿರ್ದಿಷ್ಟ ನಿಲುವು ಇರುವವರ ಹಣ ಹೀಗೆ ಶಾಸನದ ಮನೆಯೊಳಗೆ ಪ್ರಭಾವ ಬೀರುತ್ತಿದೆಯೇ ಅಂತ 2023ರಲ್ಲಿ ‘ಪೊಲಿಟಿಕೋ’ ಪತ್ರಿಕೆ ಬರೆಯಿತು. ಯಾವುದೋ ಒಂದು ಅಜೆಂಡಾ ತಳ್ಳುವುದಕ್ಕೆ ನಮ್ಮ ಫೆಲೋಶಿಪ್ ಇಲ್ಲ ಅಂತ ಸಂಸ್ಥೆ ಉತ್ತರ ಕೊಟ್ಟಿತು.

ಯಾರು ಸರಿ ಅನ್ನೋದಕ್ಕಿಂತ ಈ ಪ್ರಶ್ನೆ ಏಳಲೇಬೇಕು ಅನ್ನೋದು ನಮಗೆ ಮುಖ್ಯ ಅನಿಸಿತು. ಒಳ್ಳೆಯ ಕಾರ್ಯಕ್ರಮ ಹಣದ ಮೂಲ ಮುಚ್ಚಿಡಬಾರದು. ಫೆಲೋ ಯಾವ ಕಚೇರಿ ಆರಿಸಬೇಕು, ಯಾವ ಸಲಹೆ ಕೊಡಬೇಕು ಅನ್ನೋದರಲ್ಲಿ ದಾನಿಯ ಕೈ ಇರಬಾರದು. ತಾನು ಬಿಟ್ಟು ಬಂದ ಕಂಪನಿಯ ವಿಷಯ ಬಂದಾಗ ಫೆಲೋ ಪಕ್ಕಕ್ಕೆ ಸರಿಯಬೇಕು. ಇಷ್ಟು ಮಾಡದಿದ್ದರೆ ಸೇತುವೆ ಅಂತ ಕಟ್ಟಿದ್ದು ಹಿಂಬಾಗಿಲಾಗುತ್ತೆ.

5. ನಮ್ಮ ಕಡೆ

ನಮ್ಮ ಸಂಸದರಿಗೆ ಅಮೆರಿಕದಷ್ಟು ದೊಡ್ಡ ಸಿಬ್ಬಂದಿ ಇಲ್ಲ. ದೆಹಲಿಯ ಪಿಆರ್‌ಎಸ್ ಲೆಜಿಸ್ಲೇಟಿವ್ ರಿಸರ್ಚ್ 2005ರಿಂದ ಮಸೂದೆಗಳನ್ನು ಬಿಡಿಸಿ ಬರೆಯುವ ಕೆಲಸ ಮಾಡುತ್ತಿದೆ. ಅದರ ‘ಲ್ಯಾಂಪ್’ ಫೆಲೋಶಿಪ್‌ನಲ್ಲಿ ಒಬ್ಬ ಯುವ ಪದವೀಧರರು ಒಬ್ಬ ಸಂಸದರ ಜೊತೆ ಕೆಲವು ತಿಂಗಳು ಕೆಲಸ ಮಾಡ್ತಾರೆ. ಇಂಜಿನಿಯರಿಂಗ್ ಮುಗಿಸಿದವರೂ ಅರ್ಜಿ ಹಾಕಬಹುದು. ಕೆಲಸ ಬಿಡದೆ ಕಲಿಯಬೇಕು ಅನ್ನುವವರಿಗೆ ಬೆಂಗಳೂರಿನ ತಕ್ಷಶಿಲಾ ಸಂಸ್ಥೆಯ ಸಾರ್ವಜನಿಕ ನೀತಿಯ ಕೋರ್ಸುಗಳಿವೆ, ತಂತ್ರಜ್ಞಾನ ನೀತಿಗೂ ಅದರಲ್ಲಿ ಜಾಗ ಇದೆ. ಅನುಭವ ಇರುವ ಇಂಜಿನಿಯರ್ ಅನ್ನು ವಿಧಾನಸೌಧದ ಒಂದು ಸಮಿತಿಗೆ ವರ್ಷಪೂರ್ತಿ ಕೊಡುವಂಥ ಕಾರ್ಯಕ್ರಮ ಇಲ್ಲೂ ಬಂದರೆ ಎಷ್ಟು ಚೆನ್ನ!

ಫೆಲೋಶಿಪ್ ಇಲ್ಲದೆಯೂ ಇಂಜಿನಿಯರ್‌ಗಳ ಮಾತು ಕೆಲಸ ಮಾಡಿದ್ದುಂಟು. 2015ರ ಮಾರ್ಚ್‌ನಲ್ಲಿ ಟ್ರಾಯ್ 118 ಪುಟದ ಸಮಾಲೋಚನಾ ಪತ್ರ ಹೊರಡಿಸಿ 20 ಪ್ರಶ್ನೆ ಕೇಳಿತು. ವಿಷಯ ನೆಟ್ ನ್ಯೂಟ್ರಾಲಿಟಿ. 118 ಪುಟ ಯಾರು ಓದ್ತಾರೆ? ಕೆಲವು ಸ್ವಯಂಸೇವಕರು ಓದಿದರು, ಎಲ್ಲರಿಗೂ ಅರ್ಥವಾಗುವಂತೆ ಉತ್ತರಗಳನ್ನು ಬರೆದು ಹಂಚಿದರು. ಟ್ರಾಯ್‌ಗೆ ಹತ್ತು ಲಕ್ಷಕ್ಕೂ ಹೆಚ್ಚು ಇಮೇಲ್ ಹೋದವು. 2016ರ ಫೆಬ್ರವರಿ 8ರಂದು, ನೋಡುವ ವಿಷಯಕ್ಕೆ ತಕ್ಕಂತೆ ಡೇಟಾಗೆ ಬೇರೆಬೇರೆ ದರ ಹಾಕಬಾರದು ಅಂತ ನಿಯಮ ಬಂತು. ಇವತ್ತು ಹಾಸ್ಟೆಲ್‌ನಲ್ಲಿ ಕೂತು ಯಾವ ಸೈಟ್ ತೆರೆದರೂ ನಮಗೆ ಡೇಟಾ ಬೆಲೆ ಒಂದೇ.

6. ಹೋಂವರ್ಕ್

ಕರ್ನಾಟಕ ಸರ್ಕಾರ ಆ್ಯಪ್ ಮೂಲಕ ಕೆಲಸ ಮಾಡುವ ಗಿಗ್ ಕಾರ್ಮಿಕರಿಗಾಗಿ 2025ರಲ್ಲಿ ಕಾಯ್ದೆ ತಂದಿದೆ. ಕೆಲಸ ಹಂಚುವ, ರೇಟಿಂಗ್ ಕೊಡುವ ಸ್ವಯಂಚಾಲಿತ ವ್ಯವಸ್ಥೆ ಹೇಗೆ ತೀರ್ಮಾನ ಮಾಡುತ್ತೆ ಅಂತ ಕಾರ್ಮಿಕರಿಗೆ ತಿಳಿಸಬೇಕು ಅನ್ನೋದೂ ಅದರಲ್ಲಿದೆ. ಒಂದು ಮಷಿನ್ ಲರ್ನಿಂಗ್ ಮಾಡೆಲ್ ಯಾಕೆ ಹೀಗೆ ಮಾಡಿತು ಅಂತ ಹೇಳೋದು ಎಷ್ಟು ಕಷ್ಟ ಅಂತ ಸಿಎಸ್‌ನವರಿಗೆ ಗೊತ್ತು. ಹಾಗಾದ್ರೆ ರಾತ್ರಿ ನಮ್ಮ ಗೇಟಿಗೆ ಊಟ ತರುವ ಅಣ್ಣನಿಗೆ ಏನು ಹೇಳಿದರೆ ‘ತಿಳಿಸಿದಂತೆ’ ಆಗುತ್ತೆ?

ಆ ಕಾಯ್ದೆ ಓದಿ. ಒಬ್ಬ ಶಾಸಕರಿಗೆ ಬರೆಯುವಂತೆ ಒಂದೇ ಪುಟದ ಟಿಪ್ಪಣಿ ಬರೆಯಿರಿ, ಕನ್ನಡದಲ್ಲಿ. ಸಮಸ್ಯೆ ಏನು, ಮಾಡಬಹುದಾದ ಎರಡು ದಾರಿ ಯಾವುವು, ಪ್ರತಿ ದಾರಿಯಲ್ಲೂ ನಷ್ಟ ಯಾರಿಗೆ, ಇಷ್ಟಿದ್ದರೆ ಸಾಕು. ಬ್ರಾಂಚ್ ಯಾವುದಾದರೂ ಪರವಾಗಿಲ್ಲ. ಕ್ಲಬ್ಬಿಗೆ ತಂದುಕೊಡಿ, ಚೆನ್ನಾಗಿರುವ ಮೂರನ್ನು ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.