ಧೈರ್ಯ ಹೇಳುವ ಮೊದಲು: ಕಾಗ್ನಿಟಿವ್ ಥೆರಪಿಯ ಮೊದಲ ಪಾಠಗಳು



ನಮ್ಮ ವೈದ್ಯಕೀಯ ನೆರವು ನಿಧಿಯ ವರದಿಯಲ್ಲಿ ಪ್ರತಿವರ್ಷ ಬೈಪಾಸ್, ಡಯಾಲಿಸಿಸ್, ಕೀಮೋಥೆರಪಿ ಎಂದು ಪಟ್ಟಿ ಬರುತ್ತದೆ. ಚೆಕ್ ಕೊಟ್ಟ ಮೇಲೆ ಆ ರೋಗಿ ಹೇಗಿದ್ದಾರೆ ಎಂದು ವಿಚಾರಿಸುವ ಕೆಲಸ ಕಾಂದಿವಲಿಯ ನಾವು ಕೆಲವು ಸ್ವಯಂಸೇವಕರದು. ಬ್ಯಾಂಕಿನಿಂದ ನಿವೃತ್ತಳಾದ ಮೇಲೆ ನಾನೂ ಇದಕ್ಕೆ ಸೇರಿದೆ. ಈ ಲೇಖನ ನನ್ನ ಒಂದು ತಪ್ಪಿನಿಂದ ಶುರುವಾಗುತ್ತದೆ. ಇದರಲ್ಲಿ ಬರುವವರ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ನಿಧಿಯ ನೆರವಿನಿಂದ ಬೈಪಾಸ್ ಆದ ಒಬ್ಬರು, ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದವರು, ಆರು ತಿಂಗಳಾದ ಮೇಲೆ ತಪಾಸಣೆಗೆ ಹೋಗುವುದನ್ನು ನಿಲ್ಲಿಸಿದರು. ಪೊಯಿಸರ್‌ನ ಅವರ ಖೋಲಿಗೆ ಹೋದೆ. ಮಾತ್ರೆಗಳು ಹಾಗೆಯೇ ಉಳಿದಿದ್ದವು. “ಏನು ಮಾಡುವುದು ಅಕ್ಕ, ನಾನೀಗ ಮನೆಗೆ ಬರೀ ಭಾರ” ಎಂದರು. “ಹಾಗೆಲ್ಲ ಹೇಳಬೇಡಿ ಅಣ್ಣ, ಧೈರ್ಯ ತಂದುಕೊಳ್ಳಿ, ಎಲ್ಲ ಸರಿಯಾಗ್ತದೆ” ಎಂದು ಅರ್ಧ ಗಂಟೆ ಹೇಳಿದೆ. ಅವರು ತಲೆಯಾಡಿಸಿದರು. ಮರುದಿನದಿಂದ ನನ್ನ ಫೋನ್ ಎತ್ತಲಿಲ್ಲ.

ಹೃದಯದ ಆಪರೇಷನ್ ಆದವರಲ್ಲಿ ಖಿನ್ನತೆ ಅಪರೂಪವಲ್ಲ, ಖಿನ್ನತೆ ಇರುವವರು ಮಾತ್ರೆ ಬಿಡುವುದೂ ಅಪರೂಪವಲ್ಲ ಎಂಬುದು ಆಮೇಲೆ ತಿಳಿಯಿತು. ಹಾಗಾಗಿ ಒಂದು ಪ್ರಾಥಮಿಕ ತರಬೇತಿಗೆ ಸೇರಿದೆ. ಅಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಒಬ್ಬರು ಕಲಿಸಿದ್ದನ್ನು, ಅವರ ಮೇಲ್ವಿಚಾರಣೆಯಲ್ಲಿ ಮಾಡುತ್ತಾ ಕಲಿತದ್ದನ್ನು ಇಲ್ಲಿ ಹಂಚಿಕೊಳ್ಳುತ್ತೇನೆ.

ಪಾಠ 1: ಘಟನೆ ಬೇರೆ, ಯೋಚನೆ ಬೇರೆ

ಈ ಚಿಕಿತ್ಸೆಯನ್ನು ರೂಪಿಸಿದವರು ಅಮೆರಿಕದ ಫಿಲಡೆಲ್ಫಿಯಾದ ಮನೋವೈದ್ಯ ಆರನ್ ಬೆಕ್ (1921–2021). ಮೊದಲು ಅವರು ಫ್ರಾಯ್ಡ್ ಪಂಥದವರು. ಖಿನ್ನತೆಯ ರೋಗಿಗಳ ತಲೆಯಲ್ಲಿ ‘ನಾನು ಪ್ರಯೋಜನವಿಲ್ಲ’, ‘ಮುಂದೆ ಏನೂ ಒಳ್ಳೆಯದಾಗದು’ ಎಂಬ ಯೋಚನೆಗಳು ತಾವಾಗಿಯೇ ಹಾದುಹೋಗುತ್ತಿರುವುದನ್ನು 1960ರ ದಶಕದಲ್ಲಿ ಅವರು ಗಮನಿಸಿದರು. ರೋಗಿ ಅವನ್ನು ಪರೀಕ್ಷಿಸದೆ ನಂಬಿಬಿಡುತ್ತಾನೆ. ಖಿನ್ನತೆಗೆ ಈ ಚಿಕಿತ್ಸೆ ನೀಡುವ ವಿಧಾನವನ್ನು ಬೆಕ್ ಮತ್ತು ಸಂಗಡಿಗರು 1979ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು.

ಕಾಂದಿವಲಿ ಸ್ಟೇಷನ್ನಿನಲ್ಲಿ ಪರಿಚಯದವರೊಬ್ಬರು ನಿಮ್ಮನ್ನು ಮಾತಾಡಿಸದೆ ಹೋದರು ಎನ್ನಿ. ‘ನನ್ನ ಮೇಲೆ ಸಿಟ್ಟಿರಬೇಕು’ ಎಂದುಕೊಂಡರೆ ದಿನವಿಡೀ ಕಸಿವಿಸಿ. ‘ಚರ್ಚ್‌ಗೇಟ್ ಫಾಸ್ಟ್ ಹಿಡಿಯುವ ಅವಸರ’ ಎಂದುಕೊಂಡರೆ ಅಲ್ಲಿಗೇ ಮರೆತುಹೋಗುತ್ತದೆ. ಘಟನೆ ಒಂದೇ, ನಡುವೆ ಬಂದ ಯೋಚನೆ ಬೇರೆ. ಘಟನೆ, ಯೋಚನೆ, ಭಾವನೆ, ಆಮೇಲೆ ಮಾಡಿದ್ದು: ಈ ನಾಲ್ಕನ್ನು ನಾಲ್ಕು ಕಾಲಂಗಳಲ್ಲಿ ಬರೆಯುವುದೇ ಮೊದಲ ಅಭ್ಯಾಸ.

ಪಾಠ 2: ‘ಅನಿಸುತ್ತದೆ’ ಎಂಬ ಮಾತಿನ ತೊಡಕು

ಬರೆಯಲು ಕುಳಿತಾಗ ನಾವು ಕನ್ನಡದವರು ಒಂದು ಕಡೆ ಎಡವುತ್ತೇವೆ. ‘ದುಃಖ ಅನಿಸುತ್ತದೆ’ ಎನ್ನುತ್ತೇವೆ, ‘ನಾನು ಭಾರ ಅನಿಸುತ್ತದೆ’ ಎಂದೂ ಎನ್ನುತ್ತೇವೆ. ಮೊದಲನೆಯದು ಭಾವನೆ, ಎರಡನೆಯದು ಯೋಚನೆ. ‘ಬೇಸರ’ ಎಂದರೂ ಹಾಗೆಯೇ: ದುಃಖವೋ, ಮುನಿಸೋ, ಹೊತ್ತು ಹೋಗದಿರುವುದೋ ಕೇಳಿ ತಿಳಿಯಬೇಕು. ತುಳುವಿನಲ್ಲಿ ‘ಮಂಡೆ ಬೆಚ್ಚ’ ಎಂದರೆ ಎಲ್ಲವೂ ಅದರೊಳಗೇ. ದುಃಖವನ್ನು ಸರಿಯೋ ತಪ್ಪೋ ಎಂದು ಪರೀಕ್ಷಿಸಲಾಗದು. ಅದನ್ನು ಒಪ್ಪಿ ಕೇಳಿಸಿಕೊಳ್ಳಬೇಕು. ‘ನಾನು ಭಾರ’ ಎಂಬುದನ್ನು ಮಾತ್ರ ಪರೀಕ್ಷಿಸಬಹುದು. ಆಸ್ಪತ್ರೆಯಲ್ಲಿ ನಮ್ಮ ಅಣ್ಣ ಹಿಂದಿಯಲ್ಲಿ ‘ಟೆನ್ಶನ್ ಹೈ’ ಎಂದಷ್ಟೇ ಹೇಳಿದ್ದರು. ತಾಯ್ನುಡಿಯಲ್ಲಿ ಕೇಳಿದಾಗಲೇ ಉಳಿದದ್ದು ಹೊರಬಂತು.

ಪಾಠ 3: ವಾದ ಬೇಡ, ಪ್ರಶ್ನೆ ಇರಲಿ

ತರಗತಿಯ ಅಭ್ಯಾಸದಲ್ಲಿ ನಾನು ಕೇಳಿದ ಪ್ರಶ್ನೆ, “ನೀವಿಲ್ಲದೆ ಮಕ್ಕಳಿಗೆ ಯಾರಿದ್ದಾರೆ?” ಶಿಕ್ಷಕಿ ತಡೆದರು: “ಉತ್ತರ ನಿಮಗೆ ಮೊದಲೇ ಗೊತ್ತಿದೆ, ಹಾಗಾದರೆ ಇದು ಪ್ರಶ್ನೆಯಲ್ಲ, ಬುದ್ಧಿವಾದ.” ಅಣ್ಣನ ಮನೆಯಲ್ಲಿ ನಾನು ಅರ್ಧ ಗಂಟೆ ಮಾಡಿದ್ದೂ ಅದನ್ನೇ.

ಎರಡನೆಯ ಸಲ ಹೋದಾಗ ಮೊದಲು ಕ್ಷಮೆ ಕೇಳಿದೆ, ಮನೋವೈದ್ಯರ ಬಳಿಗೆ ಜೊತೆಯಲ್ಲಿ ಹೋದೆ. ಔಷಧಿ ಆರಂಭವಾಯಿತು. ಆಮೇಲೆ ವಾರಕ್ಕೊಮ್ಮೆ ಕುಳಿತೆವು. “ಭಾರ ಎಂಬುದನ್ನು ನೂರಕ್ಕೆ ಎಷ್ಟು ನಂಬುತ್ತೀರಿ?” ಎಂದು ಕೇಳಿದೆ. ತೊಂಬತ್ತೈದು ಎಂದರು. ಹೌದೆನ್ನಲು ಏನು ಆಧಾರ? ಸಂಬಳವಿಲ್ಲ, ಸಾಲವಿದೆ, ಹೆಂಡತಿ ಟಿಫಿನ್ ಮಾಡಿ ಮನೆ ನಡೆಸುತ್ತಾರೆ. ಅದೆಲ್ಲವೂ ನಿಜ, ಎಲ್ಲವನ್ನೂ ಬರೆದೆವು. ಇದು ‘ಒಳ್ಳೆಯದನ್ನೇ ಯೋಚಿಸಿ’ ಎನ್ನುವ ಉಪದೇಶವಲ್ಲ. ಇನ್ನೊಂದು ಬದಿಗೆ ಬರೆಯಲು ಏನಾದರೂ ಇದೆಯೇ? ಬಹಳ ಹೊತ್ತು ಸುಮ್ಮನಿದ್ದರು. ನಾನೂ ಸುಮ್ಮನಿದ್ದೆ, ಅದೇ ಎಲ್ಲಕ್ಕಿಂತ ಕಷ್ಟ. ಕೊನೆಗೆ, ಟಿಫಿನ್ನಿನ ತರಕಾರಿ ಹೆಚ್ಚುವುದು, ಮಸಾಲೆಯ ಹದ ನೋಡುವುದು, ಲೆಕ್ಕ ಬರೆಯುವುದು ತಾನೇ ಎಂದರು. ಆ ದಿನ ತೊಂಬತ್ತೈದು ಎಪ್ಪತ್ತಕ್ಕೆ ಇಳಿಯಿತು. ಸೊನ್ನೆಯಾಗಲಿಲ್ಲ, ಆಗಬೇಕಾಗಿಯೂ ಇರಲಿಲ್ಲ.

ಪಾಠ 4: ಮಾಡಿ ನೋಡುವುದು

ಪ್ರತಿ ಭೇಟಿಗೂ ಒಂದು ಕ್ರಮವಿದೆ. ಈ ವಾರ ಮನಸ್ಸು ಹೇಗಿತ್ತು, ಇಂದು ಯಾವುದರ ಬಗ್ಗೆ ಮಾತಾಡೋಣ, ಕಳೆದ ವಾರದ ಹೋಮ್‌ವರ್ಕ್ ಏನಾಯಿತು, ಇಂದಿನ ವಿಷಯ, ಹೊಸ ಹೋಮ್‌ವರ್ಕ್, ಕೊನೆಗೆ ‘ಇಂದು ನಾನು ಹೇಳಿದ್ದರಲ್ಲಿ ನಿಮಗೆ ಹಿಡಿಸದ್ದು ಏನಾದರೂ ಇದೆಯೇ?’ ಇಷ್ಟಕ್ಕೆ ಮುಕ್ಕಾಲು ಗಂಟೆ ಬೇಕು. ನಡೆದರೆ ಎದೆಯ ಹೊಲಿಗೆ ಬಿಚ್ಚೀತು ಎಂಬ ಭಯ ಅಣ್ಣನಿಗಿತ್ತು. ಹೃದಯದ ಡಾಕ್ಟರರನ್ನು ಕೇಳಿ, ಮೊದಲು ಗಲ್ಲಿಯ ತಿರುವಿನವರೆಗೆ, ಆಮೇಲೆ ಸ್ಟೇಷನ್‌ವರೆಗೆ ನಡೆದು ಬರೆದಿಡುವುದು ಹೋಮ್‌ವರ್ಕ್ ಆಯಿತು.

ಕೈಬಿಟ್ಟ ಕೆಲಸಗಳನ್ನು ಹೀಗೆ ಸ್ವಲ್ಪ ಸ್ವಲ್ಪವಾಗಿ ಮತ್ತೆ ಹಿಡಿಯುವುದೇ ಒಂದು ಚಿಕಿತ್ಸೆ. ಗೋವಾದ ಸಂಗಾತ್ ಸಂಸ್ಥೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ವೈದ್ಯರಲ್ಲದ, ತರಬೇತಾದ ಸಾಮಾನ್ಯ ಜನರಿಂದಲೇ ತೀವ್ರ ಖಿನ್ನತೆಯವರಿಗೆ ಇಂಥ ಆಪ್ತಸಲಹೆ ಕೊಡಿಸಿ ಪರೀಕ್ಷಿಸಿತು. ಹಾಗೆ ಪಡೆದವರಲ್ಲಿ ಚೇತರಿಸಿಕೊಂಡವರು ಹೆಚ್ಚು ಎಂಬ ಫಲಿತಾಂಶ 2017ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಯಿತು. ನನ್ನಂಥವಳಿಗೆ ಧೈರ್ಯ ಬಂದದ್ದು ಇದರಿಂದ.

ಪಾಠ 5: ನಮ್ಮ ಮಿತಿ

ಆ ಧೈರ್ಯ ಅತಿಯಾಗಬಾರದು. ಗೋವಾದಲ್ಲೂ ಅವರ ಹಿಂದೆ ಮೇಲ್ವಿಚಾರಣೆ ಇತ್ತು. ಈ ಚಿಕಿತ್ಸೆ ಕಲಿಯುವವರ ಭೇಟಿಯ ಧ್ವನಿಮುದ್ರಣವನ್ನು ಒಪ್ಪಿಗೆಯಿಂದ ಆಲಿಸಿ ಅಂಕ ಕೊಡುವ ಮಾಪನವೊಂದಿದೆ: 11 ಅಂಶ, ಒಟ್ಟು 66 ಅಂಕ, 40 ಬಂದರೆ ಸಮರ್ಥರು ಎಂದು ಸಾಮಾನ್ಯವಾಗಿ ಒಪ್ಪುತ್ತಾರೆ. ನಾನಿನ್ನೂ ಅಲ್ಲಿಗೆ ತಲುಪಿಲ್ಲ. ಸ್ವತಂತ್ರವಾಗಿ ಚಿಕಿತ್ಸೆ ಬೇಕಾದವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡ ಕ್ಲಿನಿಕಲ್ ಸೈಕಾಲಜಿಸ್ಟರ ಬಳಿಗೇ ಹೋಗಬೇಕು.

ಆದರೆ ಒಂದು ಪ್ರಶ್ನೆಯನ್ನು ಎಲ್ಲರೂ ಕಲಿಯಬೇಕು. ಖಿನ್ನತೆಯನ್ನು ಅಳೆಯುವ ಒಂಬತ್ತು ಪ್ರಶ್ನೆಗಳ ಪಟ್ಟಿಯಲ್ಲಿ ಕೊನೆಯದು ಸಾವಿನ ಯೋಚನೆ ಬರುತ್ತದೆಯೇ ಎಂಬುದು. ಕೇಳಿದರೆ ಆ ಯೋಚನೆ ಹುಟ್ಟೀತೆಂದು ಹೆದರಬೇಡಿ. ಕೇಳಿದ್ದರಿಂದ ಅದು ಹುಟ್ಟುವುದಿಲ್ಲ. ಹೌದೆಂದರೆ ಅವರನ್ನು ಒಬ್ಬರನ್ನೇ ಬಿಡಬೇಡಿ, ಕೂಡಲೇ ವೈದ್ಯರಿಗೆ ತಿಳಿಸಿ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡಬಹುದು.

ದಾನಿಗಳಲ್ಲಿ ಒಂದು ಬಿನ್ನಹ

ಬೆಂಗಳೂರಿನ ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಮಾನಸಿಕ ಕಾಯಿಲೆ ಇದ್ದೂ ಚಿಕಿತ್ಸೆ ಸಿಗದವರು ಕಾಯಿಲೆಗೆ ತಕ್ಕಂತೆ ನೂರಕ್ಕೆ 70ರಿಂದ 92. ಮಾನಸಿಕ ಕಾಯಿಲೆಗೂ ದೇಹದ ಕಾಯಿಲೆಯಂತೆಯೇ ವಿಮೆ ಇರಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ. ಆದರೆ ಹೆಚ್ಚಿನ ಪಾಲಿಸಿಗಳು ಹಣ ಕೊಡುವುದು ಆಸ್ಪತ್ರೆಗೆ ದಾಖಲಾದಾಗ. ವಾರದ ಭೇಟಿಯ ಶುಲ್ಕ ಮನೆಯವರ ಕೈಯಿಂದಲೇ ಹೋಗಬೇಕು; ಖಾಸಗಿಯಲ್ಲಿ ಅದು ಹೋಟೆಲ್ ಕಾರ್ಮಿಕನ ಒಂದು ದಿನದ ದುಡಿಮೆಗಿಂತ ಹೆಚ್ಚು.

ನಮ್ಮ ನೆರವಿನ ಅರ್ಜಿಯಲ್ಲಿ ಇದಕ್ಕೊಂದು ಕಾಲಂ ಇಲ್ಲ. ಅದನ್ನು ಸೇರಿಸಬೇಕೆಂದು ಸಮಿತಿಗೆ ಬರೆದು ಕೊಟ್ಟಿದ್ದೇನೆ. ಬೈಪಾಸಿಗೆ ನೀವು ಕೊಟ್ಟ ಹಣ ಉಳಿಯಬೇಕಾದರೆ ಆ ವ್ಯಕ್ತಿ ಮಾತ್ರೆ ನುಂಗಬೇಕು. ನುಂಗಬೇಕಾದರೆ ಬದುಕಬೇಕೆಂಬ ಮನಸ್ಸಿರಬೇಕು. ಅದಕ್ಕೂ ನಿಮ್ಮ ದೇಣಿಗೆಯ ಒಂದು ಪಾಲು ಇರಲಿ ಎಂದು ಕೇಳಿಕೊಳ್ಳುತ್ತೇನೆ.

ಅಣ್ಣ ಈಗ ತಪಾಸಣೆಗೆ ಹೋಗುತ್ತಾರೆ, ಟಿಫಿನ್ ಡಬ್ಬಿಗಳನ್ನು ತಾವೇ ತಲುಪಿಸುತ್ತಾರೆ. ಕೆಲವು ದಿನ ಇನ್ನೂ ಎದ್ದೇಳಲು ಆಗುವುದಿಲ್ಲ. ಅಂಥ ದಿನ ಅವರೇ ಫೋನ್ ಮಾಡುತ್ತಾರೆ. “ಏನಾಯ್ತು ಅಣ್ಣ?” ಎಂದು ಕೇಳಿ, ನಾನು ಸುಮ್ಮನೆ ಕೇಳಿಸಿಕೊಳ್ಳುತ್ತೇನೆ.


ವೈದ್ಯಕೀಯ ನೆರವು ಸಮಿತಿಯ ಸ್ವಯಂಸೇವಕಿ, ಕಾಂದಿವಲಿ