ಜಾಮ್ ಬಿಟ್ಟ ಮೇಲೂ 4,500 ರೂಪಾಯಿ ಏಕೆ?

ಸೋದರಮಾವ ಎಂಬತ್ತರ ದಶಕದಲ್ಲಿ ಕುವೈತ್‌ನಿಂದ ತಂದಿದ್ದ ಕ್ಯಾನನ್ ಎಇ-1 ಕ್ಯಾಮೆರಾದ ಸರ್ವಿಸ್‌ಗೆ ಈಚೆಗೆ 4,500 ರೂಪಾಯಿ ಕೊಟ್ಟೆ. ಅದೂ ಜಾಮ್ ಬಿಟ್ಟು, ಶಟರ್ ಬೀಳತೊಡಗಿದ ಮೇಲೆ. ‘ಸರಿಹೋಯ್ತಲ್ಲ, ಮತ್ತೆ ಯಾಕೆ ದುಡ್ಡು ಸುರೀತೀರಿ?’ ಎಂದು ಮನೆಯಲ್ಲಿ ಕೇಳಿದರು. ನ್ಯಾಯವಾದ ಪ್ರಶ್ನೆ. ಈ ವಾರ ಅದರ ಲೆಕ್ಕ ಒಪ್ಪಿಸುತ್ತೇನೆ.

ಮೊದಲು ಹೋದ ಅಂಗಡಿಯಲ್ಲಿ ಲಿವರ್ ಎಳೆದು ನೋಡಿದರು, ಬರಲಿಲ್ಲ. ‘ಜಾಮ್ ಆಗಿದೆ, ಪಾರ್ಟ್ಸ್ ಸಿಗಲ್ಲ’ ಎಂದು ಎಕ್ಸ್‌ಚೇಂಜ್ ಮುಂದಿಟ್ಟರು. ನಮ್ಮದಕ್ಕೆ 3,000, ಅದೇ ಮಾಡೆಲ್‌ನ ‘ಫಿಲ್ಮ್ ಟೆಸ್ಟೆಡ್’ ಕ್ಯಾಮೆರಾಗೆ 22,000. ಮೇಲೆ 19,000 ಕೊಡಬೇಕು. ಸೆಲ್ ಬದಲಿಸಿ ನೋಡುವ ಗೋಜಿಗೇ ಅವರು ಹೋಗಲಿಲ್ಲ.

1976ರಲ್ಲಿ ಬಂದ ಎಇ-1ರಲ್ಲಿ ಶಟರ್ ಬಿಡಿಸುವುದು ವಿದ್ಯುತ್ಕಾಂತ. 6 ವೋಲ್ಟ್‌ನ 4ಎಲ್‌ಆರ್44 ಸೆಲ್ ಸತ್ತರೆ ಶಟರ್ ಬೀಳದು. ಶಟರ್ ಬೀಳದೆ ಲಿವರ್ ಅಲುಗದು. ನೋಡಿದವರಿಗೆ ಜಾಮ್, ಒಳಗೆ ಬರೀ ಖಾಲಿ ಸೆಲ್. ಪೆಂಟಾಕ್ಸ್ ಕೆ1000 ಹಾಗಲ್ಲ. ಅದರ ಸೆಲ್ ಮೀಟರ್‌ಗೆ ಮಾತ್ರ, ಶಟರ್ ಪೂರ್ತಿ ಯಾಂತ್ರಿಕ, ಆದ್ದರಿಂದ ಅದು ನಿಂತರೆ ಮೆಕ್ಯಾನಿಕ್‌ನನ್ನೇ ಹುಡುಕಬೇಕು. ಇನ್ನು, ರೋಲ್ ಮುಗಿದಾಗಲೂ ಲಿವರ್ ಹೀಗೆಯೇ ನಿಲ್ಲುತ್ತದೆ. ಆಗ ಬಲ ಹಾಕಿದರೆ ಫಿಲ್ಮ್ ಡಬ್ಬಿಯಿಂದ ಕಿತ್ತು ಬರುತ್ತದೆ. ತಳದಲ್ಲಿರುವ ಪುಟ್ಟ ಗುಂಡಿ ಒತ್ತಿ, ಹಿಂದಕ್ಕೆ ಸುತ್ತಿಕೊಳ್ಳಬೇಕು.

300 ರೂಪಾಯಿಯ ಸೆಲ್ ಹಾಕಿದೆ. ಶಟರ್ ಬಿತ್ತು, ಆದರೆ ಕೀರಲು ಸದ್ದಿನೊಂದಿಗೆ. ಈ ಮಾಡೆಲ್ ಬಲ್ಲವರು ಅದನ್ನು ಕೆಮ್ಮು ಎನ್ನುತ್ತಾರೆ. ಕನ್ನಡಿಯ ಗೇರುಗಳಲ್ಲಿ ಎಣ್ಣೆ ಒಣಗಿರುವ ಗುರುತು. ಹಿಂಬಾಗಿಲಿನ ಸ್ಪಂಜು ಮುಟ್ಟಿದರೆ ಕರಿ ಅಂಟು. ಬೆಳಕು ಒಳನುಗ್ಗುವುದು ಅಲ್ಲಿಂದಲೇ. ಹಾಗಾಗಿ ಹಳೆಯ ಮೆಕ್ಯಾನಿಕ್ ಒಬ್ಬರಿಗೆ ಕೊಟ್ಟು ಎಣ್ಣೆ ಹಾಕಿಸಿ, ಸ್ಪಂಜು ಬದಲಿಸಿ, ಶಟರ್ ವೇಗಗಳನ್ನು ನೋಡಿಸಿದೆ.

ಈಗ ಲೆಕ್ಕ. ನಾನು ಕೊಡುವುದು ರೋಲ್‌ಗೆ 1,100, ತೊಳೆಸಿ ಸ್ಕ್ಯಾನ್ ಮಾಡಿಸಲು 500, ಒಟ್ಟು 1,600. 36ರಿಂದ ಭಾಗಿಸಿ: ಫೋಟೊ ಒಂದಕ್ಕೆ 44 ರೂಪಾಯಿ 44 ಪೈಸೆ. ತಿಂಗಳಿಗೊಂದು ರೋಲ್ ಹಿಡಿದರೆ ವರ್ಷಕ್ಕೆ 432 ಫೋಟೊ, 19,200 ರೂಪಾಯಿ. ಯಾವ ಕ್ಯಾಮೆರಾ ಹಿಡಿದರೂ ಇದು ತಪ್ಪದು. ಇದರ ಮೇಲೆ ಸೆಲ್ ಮತ್ತು ಸರ್ವಿಸ್ ಸೇರಿ ನನ್ನ 4,800. ಅದನ್ನು 432ಕ್ಕೆ ಹಂಚಿದರೆ 11 ರೂಪಾಯಿ 11 ಪೈಸೆ; ಮೊದಲ ವರ್ಷ ಫೋಟೊ ಒಂದಕ್ಕೆ 55.55. ಎಕ್ಸ್‌ಚೇಂಜ್‌ನ 19,000 ಹಂಚಿದರೆ 43.98, ಒಟ್ಟು 88.42. ಹೆಚ್ಚುಕಡಿಮೆ ಇನ್ನೊಂದು ವರ್ಷದ ಫಿಲ್ಮ್ ಖರ್ಚನ್ನು ಡಬ್ಬಿಗೇ ಸುರಿದಂತೆ. ಸರ್ವಿಸ್ ಬಿಟ್ಟು ಸೆಲ್ಲಿಗೇ ನಿಲ್ಲಿಸಿದ್ದರೆ? ಬೆಳಕು ನುಗ್ಗಿ ಮೂರು ರೋಲ್ ಹಾಳಾದರೆ 4,800. ನನ್ನ ಪೂರ್ತಿ ಖರ್ಚೇ ಅಷ್ಟು.

‘ಫಿಲ್ಮ್ ಟೆಸ್ಟೆಡ್’ ಎಂಬ ಚೀಟಿಯನ್ನು ನಾನು ನಂಬುವುದಿಲ್ಲ. ಯಾವಾಗ ಟೆಸ್ಟ್ ಮಾಡಿದರು? ನೆಗೆಟಿವ್ ಎಲ್ಲಿ? ಸ್ಪಂಜು ಬದಲಿಸಿದ್ದಾರೆಯೇ? ಕೇಳಿದರೆ ಉತ್ತರವಿಲ್ಲ. ಅಂಗಡಿಯ ಆ ಎಇ-1ಗೂ ನಮ್ಮದರಷ್ಟೇ ವಯಸ್ಸು, ಅದೇ ಎಣ್ಣೆ, ಅದೇ ಸ್ಪಂಜು. 22,000 ಕೊಟ್ಟು ತಂದು, ವರ್ಷದೊಳಗೆ ಅದಕ್ಕೂ ಸರ್ವಿಸ್ ಮಾಡಿಸಬೇಕಾಗಿ ಬಂದರೆ ಆಶ್ಚರ್ಯವಿಲ್ಲ. ಅದನ್ನೂ ‘ನೋ ಕಾಸ್ಟ್’ ಇಎಂಐನಲ್ಲಿ ಕೊಳ್ಳಿ ಎನ್ನುತ್ತಾರೆ! ಪ್ರೊಸೆಸಿಂಗ್ ಫೀ ಯಾರು ಕಟ್ಟುತ್ತಾರೆ? ಬಡ್ಡಿಯ ಮೇಲಿನ 18% ಜಿಎಸ್‌ಟಿ ಯಾರ ಜೇಬಿನಿಂದ ಹೋಗುತ್ತದೆ?

ನಮ್ಮಲ್ಲಿ ವಸ್ತು ಇಟ್ಟುಕೊಳ್ಳುವ ಅಭ್ಯಾಸವೇ ಕೆಟ್ಟಿದೆ. ಕ್ಯಾಮೆರಾವನ್ನು ಚರ್ಮದ ಚೀಲದಲ್ಲಿ ಹಾಕಿ ಬೀರುವಿನೊಳಗಿಟ್ಟು ಮರೆಯುತ್ತೇವೆ. ಕರಾವಳಿಯ ಮಳೆಗಾಲಕ್ಕೆ ಲೆನ್ಸಿಗೆ ಫಂಗಸ್ ಹಿಡಿಯಲು ಇನ್ನೇನು ಬೇಕು? ಬಳಸದಿದ್ದಾಗ ಸೆಲ್ ಹೊರಗೆ ತೆಗೆದಿಡಿ. ಸೋರಿದರೆ ಕಾಂಟ್ಯಾಕ್ಟ್ ತಿಂದುಹಾಕುತ್ತದೆ. ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್, ಆಗಾಗ ಸೆಲ್ ಹಾಕಿ ಖಾಲಿ ಶಟರ್ ಹೊಡೆಯುವುದು. ಇವಕ್ಕೆ ಖರ್ಚೆಂದರೆ ಇಷ್ಟೇ: ಸ್ವಲ್ಪ ಗಮನ.

ರಿಪೇರಿಗೆ ಕೊಡುವ ಮುನ್ನ ಅಂದಾಜು ಖರ್ಚನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಒಳಗೆ ರೋಲ್ ಇದೆಯೋ ಗೊತ್ತಿಲ್ಲದಿದ್ದರೆ ಹಿಂಬಾಗಿಲು ತೆರೆಯಬೇಡಿ. ಡಾರ್ಕ್ ಬ್ಯಾಗ್ ಇರುವ ಮೆಕ್ಯಾನಿಕ್ ಅದರೊಳಗೇ ತೆಗೆದುಕೊಡುತ್ತಾರೆ. ಆ ಕೆಲಸಕ್ಕೆ ಬೇರೆ ದುಡ್ಡು ಕೇಳಿದರೂ ಕೊಡಿ.