ಉಪ್ಪುನೀರಿನ ಮೀನು ತೊಟ್ಟಿಗೊಂದು ಆಸರೆ ತೊಟ್ಟಿ

ಕ್ಲೌನ್ ಮೀನನ್ನು ತೊಟ್ಟಿಯಲ್ಲಿಯೇ ಮರಿ ಮಾಡಿಸುವ ವಿಧಾನವನ್ನು ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯು ರೂಪಿಸಿದೆ. ಕಿತ್ತಳೆ ಬಣ್ಣದ ಮೈಮೇಲೆ ಬಿಳಿ ಪಟ್ಟೆಗಳಿರುವ ಈ ಪುಟ್ಟ ಮೀನನ್ನು ಕರಾವಳಿಯ ರೈತರು ಹಿತ್ತಿಲಲ್ಲಿಯೇ ಸಾಕಿ ಉಪ ಆದಾಯ ಪಡೆಯಬಹುದು. ಈ ಕೆಲಸಕ್ಕೆ ಕೈ ಹಾಕಿದವರನ್ನು ಹೆಚ್ಚಾಗಿ ಕಾಡುವುದು ನೀರು ಕೆಡುವ ತೊಂದರೆ. ಇದನ್ನು ಕಡಿಮೆ ಮಾಡಲು ಆಸರೆ ತೊಟ್ಟಿ, ಅಂದರೆ ರೆಫ್ಯೂಜಿಯಂ, ಒಳ್ಳೆಯ ಸಾಧನ. ಬೇಸಾಯ ಬಲ್ಲವರಿಗೆ ಇದರ ತತ್ತ್ವ ಹೊಸದೇನೂ ಅಲ್ಲ.

ನೀರು ಏಕೆ ಕೆಡುತ್ತದೆ?

ಹೊಲಕ್ಕೆ ಹಾಕಿದ ಯೂರಿಯಾ ಮೊದಲು ಅಮೋನಿಯವಾಗಿ, ಅನಂತರ ನೈಟ್ರೈಟ್ ಆಗಿ, ಕೊನೆಗೆ ನೈಟ್ರೇಟ್ ಆಗಿ ಮಾರ್ಪಡುವುದು ಓದುಗರಿಗೆ ತಿಳಿದೇ ಇದೆ. ಮೀನಿನ ಮಲಮೂತ್ರ ಮತ್ತು ತಿನ್ನದೆ ಉಳಿದ ಆಹಾರದ ಸಾರಜನಕವೂ ಇದೇ ದಾರಿ ಹಿಡಿಯುತ್ತದೆ. ಅಮೋನಿಯ ಮತ್ತು ನೈಟ್ರೈಟ್ ಮೀನಿಗೆ ವಿಷ. ತೊಟ್ಟಿಯ ಸೋಸುಕದಲ್ಲಿರುವ ಬ್ಯಾಕ್ಟೀರಿಯಗಳು ಇವನ್ನು ನೈಟ್ರೇಟ್ ಆಗಿ ಬದಲಿಸುತ್ತವೆ. ಆದರೆ ಹೊಲದಲ್ಲಿ ನೈಟ್ರೇಟನ್ನು ಹೀರಲು ಬೆಳೆ ಇದೆ. ಮೀನು ತೊಟ್ಟಿಯಲ್ಲಿ ಬೆಳೆಯಿಲ್ಲ. ಆದುದರಿಂದ ಅದು ದಿನದಿಂದ ದಿನಕ್ಕೆ ಹೆಚ್ಚುತ್ತ ಹೋಗುತ್ತದೆ. ಆ ಇಲ್ಲದ ಬೆಳೆಯನ್ನು ಒದಗಿಸುವುದೇ ಆಸರೆ ತೊಟ್ಟಿಯ ಉದ್ದೇಶ.

ಆಸರೆ ತೊಟ್ಟಿ ಎಂದರೇನು?

ಮುಖ್ಯ ತೊಟ್ಟಿಯ ನೀರೇ ಹರಿದು ಬಂದು ಹೋಗುವ, ಮೀನುಗಳಿಲ್ಲದ ಒಂದು ಚಿಕ್ಕ ತೊಟ್ಟಿ ಇದು. ಇದರಲ್ಲಿ ಕಡಲ ಪಾಚಿಯನ್ನು ಬೆಳೆಸಬೇಕು. ಪಾಚಿಯು ನೈಟ್ರೇಟ್ ಮತ್ತು ಫಾಸ್ಫೇಟನ್ನು ಹೀರಿ ಬೆಳೆಯುತ್ತದೆ. ಅಲ್ಲದೆ ಕೋಪೆಪಾಡ್ ಮುಂತಾದ ಸೂಕ್ಷ್ಮ ಜೀವಿಗಳು ಮೀನಿನ ಬಾಯಿಗೆ ಸಿಗದೆ ಇಲ್ಲಿ ಸಂತಾನ ಬೆಳೆಸಿ, ಸ್ವಲ್ಪ ಸ್ವಲ್ಪವಾಗಿ ಮುಖ್ಯ ತೊಟ್ಟಿಗೆ ಇಳಿದು ಮೀನಿಗೆ ಜೀವಂತ ಆಹಾರವಾಗುತ್ತವೆ. ಆಸರೆ ಎಂಬ ಹೆಸರು ಇದರಿಂದಲೇ ಬಂದಿದೆ. ಪಾಚಿಯಿಂದ ನೀರು ಶುದ್ಧಿ ಮಾಡುವ ಕ್ರಮವನ್ನು ಬೆಳೆಸಿದವರಲ್ಲಿ ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ವಿಜ್ಞಾನಿ ವಾಲ್ಟರ್ ಏಡಿ ಪ್ರಮುಖರು. ಅವರ ಪಾಚಿ ಸೋಸುಕಕ್ಕೆ 1982ರಲ್ಲಿ ಪೇಟೆಂಟ್ ದೊರೆಯಿತು.

ಜೋಡಿಸುವ ಕ್ರಮ

400 ಲೀಟರಿನ ಮುಖ್ಯ ತೊಟ್ಟಿಗೆ 60 ಲೀಟರಿನ ಆಸರೆ ತೊಟ್ಟಿ ಸಾಕು.

1. ಆಸರೆ ತೊಟ್ಟಿಯನ್ನು ಮುಖ್ಯ ತೊಟ್ಟಿಗಿಂತ ಎತ್ತರದಲ್ಲಿ ಭದ್ರವಾದ ಪೀಠದ ಮೇಲೆ ಇಡಬೇಕು. ಸಣ್ಣ ಪಂಪಿನಿಂದ ಗಂಟೆಗೆ ಸುಮಾರು 250ರಿಂದ 300 ಲೀಟರ್ ನೀರನ್ನು ಮೇಲೆತ್ತಿ, ಹೆಚ್ಚಾದ ನೀರು ಅಗಲವಾದ ಕೊಳವೆಯ ಮೂಲಕ ತಾನಾಗಿ ಕೆಳಗೆ ಇಳಿಯುವಂತೆ ಮಾಡಬೇಕು. ಹೀಗೆ ಮಾಡಿದರೆ ಸೂಕ್ಷ್ಮ ಜೀವಿಗಳು ಪಂಪಿಗೆ ಸಿಕ್ಕದೆ ಮೀನಿಗೆ ತಲುಪುತ್ತವೆ.

2. ಪಂಪಿನ ಕೊಳವೆಯ ತುದಿ ಆಸರೆ ತೊಟ್ಟಿಯ ನೀರಿನಲ್ಲಿ ಮುಳುಗಿರಕೂಡದು. ಮುಳುಗಿದ್ದರೆ ವಿದ್ಯುತ್ ನಿಂತಾಗ ನೀರು ಹಿಮ್ಮುಖವಾಗಿ ಹರಿದು ಕೆಳಗಿನ ತೊಟ್ಟಿ ಉಕ್ಕುತ್ತದೆ. ಮಳೆಗಾಲದಲ್ಲಿ ಇದನ್ನು ಮರೆಯಬಾರದು.

3. ಕೆಳಗಿಳಿಯುವ ಕೊಳವೆಯ ಬಾಯಿಗೆ ಪಾಚಿ ಕಟ್ಟದಂತೆ ಜಾಲರಿ ಹಾಕಿ, ವಾರಕ್ಕೊಮ್ಮೆ ಶುಚಿ ಮಾಡಬೇಕು.

4. ತಳದಲ್ಲಿ ಚೆನ್ನಾಗಿ ತೊಳೆದ ಹೆಂಚಿನ ಚೂರುಗಳನ್ನು ಹರಡಿದರೆ ಸೂಕ್ಷ್ಮ ಜೀವಿಗಳಿಗೆ ನೆಲೆ ಸಿಗುತ್ತದೆ. ಸಮುದ್ರದಿಂದ ಹವಳದ ಕಲ್ಲು ತರಕೂಡದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಹವಳಕ್ಕೆ ರಕ್ಷಣೆ ಇದೆ.

5. ಬಿಳಿ ಎಲ್.ಇ.ಡಿ. ದೀಪವನ್ನು ರಾತ್ರಿ ಹೊತ್ತು ಸುಮಾರು 10ರಿಂದ 12 ಗಂಟೆ ಉರಿಸಬೇಕು. ಮುಖ್ಯ ತೊಟ್ಟಿ ಕತ್ತಲಲ್ಲಿರುವಾಗ ಪಾಚಿಯು ಇಂಗಾಲಾಮ್ಲವನ್ನು ಹೀರಿ ಆಮ್ಲಜನಕ ಬಿಡುವುದರಿಂದ ನೀರಿನ ರಸಸಾರ ರಾತ್ರಿ ಹೆಚ್ಚು ಇಳಿಯುವುದಿಲ್ಲ.

ಯಾವ ಪಾಚಿ?

ಸಿಕ್ಕುಗಟ್ಟಿದ ಹಸಿರು ದಾರದಂತೆ ಕಾಣುವ ಕೀಟೊಮಾರ್ಫಾ ಎಲ್ಲಕ್ಕಿಂತ ಸುಲಭ. ಕೆಂಪು ಜಾತಿಯ ಗ್ರೇಸಿಲೇರಿಯವೂ ಆಗಬಹುದು. ಬೇಗ ಬೆಳೆಯುತ್ತದೆಂದು ಕಾಲರ್ಪವನ್ನು ಆರಿಸುವವರಿಗೆ ನನ್ನ ಅನುಭವ ಹೇಳುವುದು ಒಳಿತು.

ನಮ್ಮ ಮನೆಯ ಆಸರೆ ತೊಟ್ಟಿಯಲ್ಲಿ ಕಾಲರ್ಪ ಹುಲುಸಾಗಿ ಬೆಳೆದಿತ್ತು. ಪರೀಕ್ಷೆಯ ಕೆಲಸದ ನಡುವೆ ಎರಡು ತಿಂಗಳು ಅದನ್ನು ಕತ್ತರಿಸದೆ ಬಿಟ್ಟೆ. ನೋಡಲು ಚೆನ್ನಾಗಿದೆ, ಇರಲಿ ಎಂಬ ಆಸೆಯೂ ಇತ್ತು. ಒಂದು ಬೆಳಿಗ್ಗೆ ನೋಡಿದರೆ ಪಾಚಿ ಬಿಳಿಚಿಕೊಂಡು ಕರಗಿ, ನೀರೆಲ್ಲ ಹಸಿರು ಹಾಲಿನಂತಾಗಿತ್ತು. ಕಾಲರ್ಪವು ಸಂತಾನ ಕಣಗಳನ್ನು ಒಮ್ಮೆಲೇ ಹೊರಬಿಟ್ಟು ಸಾಯುವ ಸ್ವಭಾವದ್ದು. ಆಮ್ಲಜನಕ ಸಾಲದೆ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಅರ್ಧ ನೀರು ಬದಲಿಸಿದರೂ ಮೊಟ್ಟೆಯಿಡುತ್ತಿದ್ದ ಹೆಣ್ಣು ಮಧ್ಯಾಹ್ನದೊಳಗೆ ಸತ್ತಿತು. ಕ್ಲೌನ್ ಮೀನಿನಲ್ಲಿ ಹೆಣ್ಣು ಸತ್ತರೆ ಗಂಡೇ ಹೆಣ್ಣಾಗಿ ಮಾರ್ಪಡುತ್ತದೆ ನಿಜ. ಆದರೆ ಹೊಸ ಜೋಡಿ ಕೂಡಿ ಮೊಟ್ಟೆಯಿಡಲು ಹಲವು ತಿಂಗಳು ಹಿಡಿಯುತ್ತದೆ. ಸಾಲ ಮಾಡಿ ತೊಟ್ಟಿ ಹಾಕಿದವರಿಗೆ ಇಂತಹ ನಷ್ಟ ಭಾರವಾದೀತು.

ಕೊಯ್ಲಿನ ಲೆಕ್ಕ

ಪಾಚಿ ಹೀರಿದ ಸಾರಜನಕ ಪಾಚಿಯಲ್ಲಿಯೇ ಇರುತ್ತದೆ. ಅದನ್ನು ಕೊಯ್ದು ಹೊರಗೆ ಹಾಕಿದಾಗ ಮಾತ್ರ ತೊಟ್ಟಿಯಿಂದ ಹೋದಂತೆ. ಕೊಳೆತರೆ ಎಲ್ಲವೂ ನೀರಿಗೆ ಮರಳುತ್ತದೆ.

ದಿನಕ್ಕೆ 2 ಗ್ರಾಂ ಆಹಾರ ಹಾಕಿದರೆ ತಿಂಗಳಿಗೆ 60 ಗ್ರಾಂ. ಅದರಲ್ಲಿ ಅರ್ಧ ಪ್ರೋಟೀನ್ ಇದ್ದರೆ 30 ಗ್ರಾಂ. ಪ್ರೋಟೀನಿನಲ್ಲಿ ಸಾರಜನಕ ಶೇ. 16ರಷ್ಟಿರುವುದರಿಂದ 4.8 ಗ್ರಾಂ. ಕಾಲು ಭಾಗ ಮೀನಿನ ಮೈಗೆ ಸೇರಿತೆಂದರೂ 3.6 ಗ್ರಾಂ ನೀರಿಗೆ ಬೀಳುತ್ತದೆ. ಇದು ಸುಮಾರು 16 ಗ್ರಾಂ ನೈಟ್ರೇಟಿಗೆ ಸಮ. 400 ಲೀಟರ್ ನೀರಿನಲ್ಲಿ ಲೀಟರಿಗೆ 40 ಮಿ.ಗ್ರಾಂ.

ಇನ್ನು ಪಾಚಿಯ ಕಡೆ ನೋಡೋಣ. 1 ಕಿ.ಗ್ರಾಂ ಹಸಿ ಪಾಚಿಯಲ್ಲಿ ಒಣ ಅಂಶ ಸುಮಾರು 100 ಗ್ರಾಂ, ಅದರಲ್ಲಿ ಸಾರಜನಕ ಸುಮಾರು 3 ಗ್ರಾಂ ಎಂದು ಹಿಡಿಯಬಹುದು. ತಿಂಗಳಿಗೆ ಅರ್ಧ ಕಿ.ಗ್ರಾಂ ಕೊಯ್ದರೆ 1.5 ಗ್ರಾಂ ಹೊರಹೋಗುತ್ತದೆ. ಉಳಿದುದಕ್ಕೆ ನೀರು ಬದಲಿಸುವುದು ತಪ್ಪುವುದಿಲ್ಲ. ಆಸರೆ ತೊಟ್ಟಿ ಇದ್ದರೆ ಸೋಸುಕವೇ ಬೇಡ ಎಂದು ಯಾರಾದರೂ ಹೇಳಿದರೆ ನಂಬಕೂಡದು.

ಆದುದರಿಂದ ಹತ್ತು ಹದಿನೈದು ದಿನಕ್ಕೊಮ್ಮೆ ಮೂರನೆಯ ಒಂದು ಭಾಗದಷ್ಟು ಪಾಚಿಯನ್ನು ಕೊಯ್ದು, ತೂಕ ಮಾಡಿ, ದಿನಾಂಕದೊಡನೆ ಬರೆದಿಡಬೇಕು. ಕೊಯ್ಯುವ ಮೊದಲು ಪಾಚಿಯನ್ನು ಅದೇ ನೀರಿನ ಬಕೆಟ್ಟಿನಲ್ಲಿ ಅಲುಗಾಡಿಸಿ, ಉದುರಿದ ಸೂಕ್ಷ್ಮ ಜೀವಿಗಳನ್ನು ತೊಟ್ಟಿಗೆ ಮರಳಿಸಬೇಕು. ಕೊಯ್ದ ಪಾಚಿಯನ್ನು ಹೊಳೆಗಾಗಲಿ ಸಮುದ್ರಕ್ಕಾಗಲಿ ಎಸೆಯದೆ, ಸಿಹಿನೀರಿನಲ್ಲಿ ತೊಳೆದು ಗೊಬ್ಬರದ ಗುಂಡಿಗೆ ಹಾಕಬಹುದು.

ನೈಟ್ರೇಟ್ ಲೀಟರಿಗೆ 20 ಮಿ.ಗ್ರಾಂ ಒಳಗಿದ್ದರೆ ಒಳ್ಳೆಯದು. ಪರೀಕ್ಷೆಯಲ್ಲಿ ಅದು ಏರುತ್ತಿರುವುದು ಕಂಡರೆ ಆಹಾರವನ್ನು ಕಡಿಮೆ ಮಾಡಿ, ಕೊಯ್ಲಿನ ಪುಸ್ತಕವನ್ನು ತೆರೆದು ನೋಡಬೇಕು. ಬೆಳೆದ ಬೆಳೆಯನ್ನು ಕಾಲಕ್ಕೆ ಸರಿಯಾಗಿ ಕೊಯ್ಯಬೇಕೆಂಬ ಮಾತು ಹೊಲಕ್ಕೆ ಹೇಗೋ ತೊಟ್ಟಿಗೂ ಹಾಗೆಯೇ.